ಮಕ್ಕಳ ಬ್ಯಾಟರಿ ಜೀಪಿಗೆ 18 ವೋಲ್ಟ್ ಕೊಟ್ಟ ಮೇಲೆ ಮೋಟಾರನ್ನು ತಂಪಾಗಿ ಇಡುವುದು ಹೇಗೆ?

ಮಕ್ಕಳು ಕುಳಿತು ಓಡಿಸುವ 12 ವೋಲ್ಟಿನ ಬ್ಯಾಟರಿ ಜೀಪು ಹೊಸದರಲ್ಲಿ ದೊಡ್ಡವರ ನಡಿಗೆಯ ವೇಗದಲ್ಲಿ ಸಲೀಸಾಗಿ ಹೋಗುತ್ತದೆ. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಮಗುವಿನ ತೂಕ ಹೆಚ್ಚಿರುತ್ತದೆ, ಸೀಟಿನ ಕೆಳಗಿನ ಲೆಡ್ ಆಸಿಡ್ ಬ್ಯಾಟರಿಯ ಕಸುವು ಇಳಿದಿರುತ್ತದೆ. ಆಗ ಮನೆಯಲ್ಲಿರುವ ಡ್ರಿಲ್ ಮಷೀನಿನ 18 ವೋಲ್ಟಿನ ಲಿಥಿಯಂ ಬ್ಯಾಟರಿಯನ್ನು ಒಂದು ಅಡಾಪ್ಟರ್ ಮೂಲಕ ಜೋಡಿಸುವ ಯೋಚನೆ ಬಹಳ ಜನರಿಗೆ ಬರುತ್ತದೆ. ಐದು ಸೆಲ್ಲುಗಳ ಆ ಬ್ಯಾಟರಿ ಪೂರ್ತಿ ಚಾರ್ಜಾದಾಗ 21 ವೋಲ್ಟ್ ಇರುತ್ತದೆ. ಜೀಪು ಹಾರಿದಂತೆ ಓಡುತ್ತದೆ, ಮಕ್ಕಳಿಗೆ ಸಂಭ್ರಮವೋ ಸಂಭ್ರಮ.

ನಾನೂ ಮಗಳ ಜೀಪಿಗೆ ಇದನ್ನೇ ಮಾಡಿದ್ದೆ. ಮೂರನೆಯ ವಾರದ ಒಂದು ಸಂಜೆ, ಹುಲ್ಲಿನ ಮೇಲೆ ಇಪ್ಪತ್ತು ನಿಮಿಷ ಓಡಿಸಿದ ನಂತರ, ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಎಡಗಡೆಯ ಗೇರ್‌ಬಾಕ್ಸ್ ಬಿಚ್ಚಿ ನೋಡಿದರೆ, ಮೋಟಾರಿನ ತುದಿಯ ಪುಟ್ಟ ಗೇರು, ಅಂದರೆ ಪಿನಿಯನ್, ಕಚ್ಚುವ ಮೊದಲ ನೈಲಾನ್ ಗೇರಿನ ಹಲ್ಲುಗಳು ಮೇಣದ ಹಾಗೆ ಒಂದೇ ಕಡೆಗೆ ಮಡಚಿಕೊಂಡಿದ್ದವು. ಗ್ರೀಸು ನೀರಾಗಿ ಹರಿದು ಮೋಟಾರಿನ ಮುಖಕ್ಕೆ ಮೆತ್ತಿಕೊಂಡಿತ್ತು. ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಕಾರ್ಬನ್ ಬ್ರಷ್ ಕಡೆಯ ರಂಧ್ರದಿಂದ ಟಾರ್ಚ್ ಹಾಕಿ ನೋಡಿದಾಗ, ತಾಮ್ರದ ಬಣ್ಣದಲ್ಲಿರಬೇಕಿದ್ದ ವೈಂಡಿಂಗ್ (ಒಳಗೆ ಸುತ್ತಿದ ತಂತಿ) ಕಪ್ಪುಗಟ್ಟಿತ್ತು. ಬಲಗಡೆಯ ಮೋಟಾರಿಗೆ ಮಾತ್ರ ಏನೂ ಆಗಿರಲಿಲ್ಲ. ಎರಡಕ್ಕೂ ಒಂದೇ ಬ್ಯಾಟರಿ, ಒಂದೇ ಓಟ. ಹಾಗಾದರೆ ಒಂದು ಮಾತ್ರ ಏಕೆ ಸುಟ್ಟಿತು ಎಂಬ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ತಿಳಿದುಬಂದ ಸಂಗತಿಗಳೇ ಈ ಲೇಖನದಲ್ಲಿವೆ. ಮೋಟಾರನ್ನು ತಂಪಾಗಿ ಇಡುವ ಕೆಲಸ ಫ್ಯಾನಿನಿಂದ ಶುರುವಾಗುವುದಿಲ್ಲ, ಮೋಟಾರು ಎಳೆಯುವ ಕರೆಂಟಿನಿಂದ ಶುರುವಾಗುತ್ತದೆ. ಆದ್ದರಿಂದ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಬಿಸಿ ಹುಟ್ಟುವುದು ಎಲ್ಲಿ?

ಈ ಜೀಪುಗಳಲ್ಲಿ ಸಾಮಾನ್ಯವಾಗಿ 390 ಅಥವಾ 550 ಎಂಬ ಅಳತೆಯ, ಬ್ರಷ್ ಇರುವ ಡಿಸಿ ಮೋಟಾರುಗಳಿರುತ್ತವೆ. ಹೊರಗಿನ ಉಕ್ಕಿನ ಡಬ್ಬಿಯ ಒಳಮೈಗೆ ಫೆರೈಟ್ ಆಯಸ್ಕಾಂತಗಳು ಅಂಟಿಕೊಂಡಿರುತ್ತವೆ. ತಾಮ್ರದ ತಂತಿ ಸುತ್ತಿರುವ ಆರ್ಮೇಚರ್ ಅವುಗಳ ನಡುವೆ ತಿರುಗುತ್ತದೆ. ಬಿಸಿ ಹುಟ್ಟುವುದು ಬಹುಪಾಲು ಆ ತಿರುಗುವ ತಂತಿಯಲ್ಲಿಯೇ ಹೊರತು ನಾವು ಮುಟ್ಟುವ ಡಬ್ಬಿಯಲ್ಲಿ ಅಲ್ಲ. ಆ ಬಿಸಿ ಹೊರಗೆ ಬರಬೇಕಾದರೆ ಆರ್ಮೇಚರ್ ಮತ್ತು ಆಯಸ್ಕಾಂತಗಳ ನಡುವಿನ ತೆಳ್ಳನೆಯ ಗಾಳಿಯ ಸಂದನ್ನು ದಾಟಬೇಕು, ಇಲ್ಲವೇ ಶಾಫ್ಟಿನ ಮೂಲಕ ಹರಿಯಬೇಕು. ಶಾಫ್ಟಿನ ತುದಿಯಲ್ಲಿ ಪಿನಿಯನ್ ಇದೆ, ಪಿನಿಯನ್ನಿಗೆ ತಾಗಿಕೊಂಡು ಪ್ಲಾಸ್ಟಿಕ್ ಗೇರು ಇದೆ. ಮೋಟಾರು ಇನ್ನೂ ತಿರುಗುತ್ತಿರುವಾಗಲೇ ಗೇರು ಕರಗುವುದಕ್ಕೆ ಕಾರಣ ಇದು.

ಮೋಟಾರು ಕೊಡುವ ತಿರುಗುಬಲವು ಕರೆಂಟಿಗೆ ಅನುಗುಣವಾಗಿ ಏರುತ್ತದೆ, ಆದರೆ ಬಿಸಿಯು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. 12ರ ಬದಲು 18 ವೋಲ್ಟ್ ಕೊಟ್ಟಾಗ, ಚಕ್ರ ಸಿಕ್ಕಿಕೊಂಡು ಮೋಟಾರು ತಿರುಗದೆ ನಿಂತ ಸ್ಥಿತಿಯಲ್ಲಿ ಹರಿಯುವ ಕರೆಂಟು ಒಂದೂವರೆ ಪಟ್ಟಾಗುತ್ತದೆ, ಅದರ ಬಿಸಿ ಎರಡೂಕಾಲು ಪಟ್ಟಾಗುತ್ತದೆ. 550 ಮೋಟಾರು ಹೀಗೆ ನಿಂತಾಗ ಹಲವು ಹತ್ತು ಆಂಪಿಯರುಗಳನ್ನು ಎಳೆಯುವುದರಿಂದ, ವೈಂಡಿಂಗ್ ಹಾಳಾಗಲು ಹೆಚ್ಚು ಹೊತ್ತು ಬೇಕಾಗಿಲ್ಲ.

ಇದರ ಜೊತೆಗೆ ಬಿಸಿಯೇ ಬಿಸಿಯನ್ನು ಹೆಚ್ಚಿಸುವ ಒಂದು ಸುಳಿಯೂ ಇದೆ. ತಾಮ್ರದ ಪ್ರತಿರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಏರುತ್ತದೆ. ಫೆರೈಟ್ ಆಯಸ್ಕಾಂತದ ಬಲ ಪ್ರತಿ ಡಿಗ್ರಿಗೆ ಸುಮಾರು ಶೇ. 0.2ರಷ್ಟು ಇಳಿಯುತ್ತದೆ. ಆಯಸ್ಕಾಂತದ ಬಲ ಇಳಿದರೆ ಅದೇ ಎಳೆತಕ್ಕೆ ಹೆಚ್ಚು ಕರೆಂಟು ಬೇಕು. ವೈಂಡಿಂಗ್ ನೂರು ಡಿಗ್ರಿಯಷ್ಟೂ ಆಯಸ್ಕಾಂತಗಳು ಐವತ್ತು ಡಿಗ್ರಿಯಷ್ಟೂ ಮೇಲೇರಿದವು ಎಂದು ಲೆಕ್ಕ ಹಾಕಿದರೆ, ಅದೇ ಹಾದಿಯಲ್ಲಿ ಅದೇ ಮಗುವನ್ನು ಎಳೆಯಲು ಮೋಟಾರು ಮೊದಲಿಗಿಂತ ಸುಮಾರು 1.7 ಪಟ್ಟು ಬಿಸಿಯನ್ನು ಉಂಟುಮಾಡುತ್ತಿರುತ್ತದೆ. ಕಾಲು ಗಂಟೆ ಸರಿಯಾಗಿ ಓಡಿದ ಜೀಪು ಮುಂದಿನ ಐದು ನಿಮಿಷದಲ್ಲಿ ಸುಟ್ಟುಹೋಗುವುದು ಹೀಗೆ.

ಮೊದಲ ಹಂತ: ಅಳೆಯುವುದು

ಮೋಟಾರಿನ ಮೈಗೆ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಸಣ್ಣ ಚೂರು ಅಂಟಿಸಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ಅದಕ್ಕೇ ಗುರಿಯಿಡಬೇಕು. ಹೊಳೆಯುವ ಲೋಹಕ್ಕೆ ನೇರವಾಗಿ ಹಿಡಿದರೆ ಆ ಉಪಕರಣ ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ನಾನು ಆರಂಭದಲ್ಲಿ ಮೋಸಹೋದದ್ದು ಇಲ್ಲಿಯೇ. ಓಟ ಮುಗಿದ ಕೂಡಲೇ ಒಮ್ಮೆ, ಐದು ನಿಮಿಷದ ನಂತರ ಇನ್ನೊಮ್ಮೆ ಅಳೆಯಿರಿ. ನಿಂತ ಮೇಲೆ ಗಾಳಿಯಾಡುವುದಿಲ್ಲ, ಆರ್ಮೇಚರಿನ ಒಳಗಿನ ಬಿಸಿ ನಿಧಾನವಾಗಿ ಡಬ್ಬಿಗೆ ಬರುತ್ತದೆ. ಹೀಗಾಗಿ ಎರಡನೆಯ ಅಳತೆ ಮೊದಲಿನದಕ್ಕಿಂತ ಹೆಚ್ಚಿರುವುದು ಸಹಜ, ಮತ್ತು ಒಳಗಿನ ನಿಜಸ್ಥಿತಿಗೆ ಅದೇ ಹತ್ತಿರ. ಡಬ್ಬಿಯ ಮೈ 60 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನಾನು ನೆಮ್ಮದಿಯಿಂದಿರುತ್ತೇನೆ. 70 ದಾಟಿದರೆ ಓಟ ನಿಲ್ಲಿಸುತ್ತೇನೆ, ಏಕೆಂದರೆ ಆಗ ಒಳಗಿನ ವೈಂಡಿಂಗ್ ಅದಕ್ಕಿಂತ ಹತ್ತಾರು ಡಿಗ್ರಿ ಮೇಲಿರುತ್ತದೆ. ಕೈಯಿಂದ ಮುಟ್ಟಿ ನೋಡುವ ರೂಢಿ ಬೇಡ, ಚರ್ಮ ಸುಡುತ್ತದೆ.

ಕರೆಂಟನ್ನು ಅಳೆಯಲು ಡಿಸಿ ಆಂಪಿಯರ್ ತೋರಿಸುವ ಕ್ಲ್ಯಾಂಪ್ ಮೀಟರ್ ಬೇಕು. ಮನೆಯ ಎಸಿ ವೈರಿಂಗಿಗೆ ಬಳಸುವ ಅಗ್ಗದ ಮೀಟರುಗಳಲ್ಲಿ ಡಿಸಿ ಇರುವುದಿಲ್ಲವಾದ್ದರಿಂದ ಕೊಳ್ಳುವಾಗ ನೋಡಿಕೊಳ್ಳಬೇಕು. ಬ್ಯಾಟರಿಯ ಪಾಸಿಟಿವ್ ತಂತಿಗೆ ಅದನ್ನು ಸಿಕ್ಕಿಸಿ, ಮಗುವನ್ನು ಕೂರಿಸಿ, ಪಕ್ಕದಲ್ಲಿ ನಡೆಯುತ್ತಾ ನೋಡಬೇಕು. ನಮ್ಮ ಜೀಪು ಸಿಮೆಂಟ್ ನೆಲದ ಮೇಲೆ ಆರು ಆಂಪಿಯರ್, ಹುಲ್ಲಿನ ಮೇಲೆ ಹನ್ನೊಂದು, ನೆಲಮಾಳಿಗೆಯ ರ‍್ಯಾಂಪಿನ ಮೇಲೆ ಹದಿನೈದು ಆಂಪಿಯರ್ ಎಳೆಯುತ್ತಿತ್ತು. ಆರಕ್ಕೂ ಹದಿನೈದಕ್ಕೂ ಎರಡೂವರೆ ಪಟ್ಟಿನ ವ್ಯತ್ಯಾಸ, ಅಂದರೆ ಬಿಸಿಯಲ್ಲಿ ಆರು ಪಟ್ಟು. ಲೆಕ್ಕವೂ ಹಾಗೆಯೇ ಹೇಳುತ್ತದೆ. ಮಗು, ಬ್ಯಾಟರಿ ಎಲ್ಲ ಸೇರಿ 40 ಕಿಲೋ ತೂಗುವ ಜೀಪು ಹತ್ತು ಅಡಿಗೆ ಒಂದಡಿ ಏರುವ ಇಳಿಜಾರನ್ನು ಹತ್ತಬೇಕಾದರೆ, ನೆಲದ ಮೇಲಿನ ಘರ್ಷಣೆಯ ಜೊತೆಗೆ ಸುಮಾರು 40 ನ್ಯೂಟನ್ ಬಲ ಹೆಚ್ಚುವರಿಯಾಗಿ ಬೇಕು. ರ‍್ಯಾಂಪಿನಲ್ಲಿ ಮಕ್ಕಳನ್ನು ಓಡಿಸಲು ಬಿಡಬಾರದೆಂಬುದಕ್ಕೆ ಇತರ ಕಾರಣಗಳೂ ಇವೆ, ಅಲ್ಲಿ ದೊಡ್ಡ ಕಾರುಗಳು ಓಡಾಡುತ್ತವೆ.

ಎಡ ಮತ್ತು ಬಲ ಮೋಟಾರುಗಳನ್ನು ಬೇರೆ ಬೇರೆಯಾಗಿ ಅಳೆದು ಬರೆದಿಟ್ಟುಕೊಳ್ಳಿ. ಎರಡರ ನಡುವೆ ಹತ್ತು ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ನಿಮಗೆ ಬೇಕಾಗಿರುವುದು ಫ್ಯಾನ್ ಅಲ್ಲ, ರಿಪೇರಿ.

ಎರಡನೆಯ ಹಂತ: ಹೊರೆ ಇಳಿಸುವುದು

ನನ್ನ ಎಡಗಡೆಯ ಮೋಟಾರು ಸುಟ್ಟದ್ದಕ್ಕೆ ಕಾರಣ ಚಕ್ರದಲ್ಲಿ ಸಿಕ್ಕಿತು. ಆಕ್ಸಲ್ಲಿಗೆ ತೆಂಗಿನ ನಾರಿನ ಹಗ್ಗದ ತುಂಡೊಂದು ಸುತ್ತಿಕೊಂಡಿತ್ತು, ಚಕ್ರದ ಬುಷ್, ಅಂದರೆ ಆಕ್ಸಲ್ ಕೂರುವ ಕೊಳವೆಯ, ಒಳಗೆ ಮರಳು ತುಂಬಿತ್ತು. ಗೇರ್‌ಬಾಕ್ಸ್ ಬಿಡಿಸಿದ ಮೇಲೆ ಆ ಚಕ್ರವನ್ನು ಬೆರಳಿನಿಂದ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು, ಬಲಗಡೆಯದು ನಾಲ್ಕೈದು ಸುತ್ತು ತಿರುಗುತ್ತಿತ್ತು. ಆದ್ದರಿಂದ ಜೀಪನ್ನು ಮಗುಚಿ ಹಾಕಿ, ನಾಲ್ಕೂ ಚಕ್ರಗಳನ್ನು ಕಳಚಿ, ಆಕ್ಸಲ್ ಒರೆಸಿ, ಬುಷ್‌ಗಳನ್ನು ತೊಳೆದು, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಹಚ್ಚಬೇಕು. ಗೇರ್‌ಬಾಕ್ಸಿನ ಹಳೆಯ ಗ್ರೀಸಿನಲ್ಲಿ ಮಣ್ಣು ಸೇರಿದ್ದರೆ ಅದನ್ನೂ ತೆಗೆದು ಹೊಸದು ಹಾಕಬೇಕು. ಖರ್ಚು ಕಡಿಮೆ, ಫಲ ಹೆಚ್ಚು ಇರುವ ಹಂತ ಇದು. ನಮ್ಮ ಜೀಪಿನಲ್ಲಿ ಕೇವಲ ಇದರಿಂದ ಸಿಮೆಂಟ್ ನೆಲದ ಮೇಲಿನ ಕರೆಂಟು ಆರರಿಂದ ಐದು ಆಂಪಿಯರಿಗೆ ಇಳಿಯಿತು.

ಚಕ್ರಕ್ಕೆ ಹಿಡಿತ ಬರಲೆಂದು ಹಳೆಯ ಸೈಕಲ್ ಟೈರಿನ ರಬ್ಬರು ಕತ್ತರಿಸಿ ಸ್ಕ್ರೂ ಹಾಕುವವರಿಗೆ ಒಂದು ಎಚ್ಚರಿಕೆ ಹೇಳಬೇಕು. ಬರಿಯ ಪ್ಲಾಸ್ಟಿಕ್ ಚಕ್ರವು ಹೊರೆ ಹೆಚ್ಚಾದಾಗ ಜಾರಿ ಸುಮ್ಮನೆ ಸುತ್ತುತ್ತದೆ. ಆ ಜಾರುವಿಕೆಯೇ ಮೋಟಾರನ್ನು ಕಾಪಾಡುತ್ತಿರುತ್ತದೆ. ರಬ್ಬರು ಹಾಕಿದ ಮೇಲೆ ಚಕ್ರ ಜಾರುವುದಿಲ್ಲ, ಅದರ ಬದಲು ಮೋಟಾರು ನಿಂತುಬಿಡುತ್ತದೆ, ಬಿಸಿಯೆಲ್ಲ ವೈಂಡಿಂಗಿಗೆ ಇಳಿಯುತ್ತದೆ. ರಬ್ಬರು ಹಾಕಲೇಬೇಕೆಂದರೆ ಫ್ಯೂಸ್ ಸರಿಯಾಗಿರಬೇಕು: ಎರಡು 550 ಮೋಟಾರುಗಳ ಜೀಪಿಗೆ 30 ಆಂಪಿಯರಿನ ಬ್ಲೇಡ್ ಫ್ಯೂಸನ್ನು ಬ್ಯಾಟರಿಗೆ ಅಂಗೈ ಅಗಲದಷ್ಟು ಸಮೀಪದಲ್ಲಿ ಹಾಕಬೇಕು. ಅದು ಪದೇ ಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವ ಬದಲು ಕಾರಣ ಹುಡುಕಬೇಕು. ಬ್ಯಾಟರಿಯಿಂದ ಹೊರಡುವ ಮುಖ್ಯ ತಂತಿ 4 ಚದರ ಮಿಲಿಮೀಟರಿನದಾಗಿರಲಿ.

ಮೂರನೆಯ ಹಂತ: ತಕ್ಕ ಮೋಟಾರನ್ನು ಆರಿಸುವುದು

ಮೋಟಾರು ಬದಲಿಸುವ ಸಂದರ್ಭ ಬಂದರೆ, ಹೆಚ್ಚಿನವರು ಲೇಬಲ್ಲಿನ ಮೇಲೆ ಅತಿ ಹೆಚ್ಚು ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಇರುವುದನ್ನು ತರುತ್ತಾರೆ. ಇದು ತಪ್ಪು. 12 ವೋಲ್ಟಿಗೆ 12,000 ಸುತ್ತು ತಿರುಗುವ ಮೋಟಾರಿಗೆ 18 ವೋಲ್ಟ್ ಕೊಟ್ಟರೆ ಹೊರೆಯಿಲ್ಲದಾಗ ಅದು ಸುಮಾರು 18,000 ಸುತ್ತು ತಿರುಗುತ್ತದೆ. 24 ವೋಲ್ಟಿಗೆ 18,000 ಸುತ್ತು ಎಂದು ಬರೆದಿರುವ ಮೋಟಾರಿಗೆ ಅದೇ 18 ವೋಲ್ಟ್ ಕೊಟ್ಟರೆ ಸುಮಾರು 13,500 ಸುತ್ತು ತಿರುಗುತ್ತದೆ. ಜೀಪು ಮೂಲ ವೇಗಕ್ಕಿಂತ ಸ್ವಲ್ಪವೇ ಹೆಚ್ಚು ವೇಗದಲ್ಲಿ ಓಡುತ್ತದೆ, ಬ್ಯಾಟರಿಯಿಂದ ಎಳೆಯುವ ಕರೆಂಟು ಕಡಿಮೆಯಾಗುತ್ತದೆ, ಮೋಟಾರು ತಣ್ಣಗಿರುತ್ತದೆ. ಚಿಕ್ಕ ಮಕ್ಕಳಿಗೆ ಆ ವೇಗವೇ ಸಾಕು ಎಂಬುದು ನನ್ನ ದೃಢ ಅಭಿಪ್ರಾಯ.

775 ಅಳತೆಯ ದೊಡ್ಡ ಮೋಟಾರು ಹಾಕಿದರೆ ಬಿಸಿ ತಡೆಯುವ ಶಕ್ತಿ ಹೆಚ್ಚುತ್ತದೆ ನಿಜ, ಆದರೆ ಅದರ ಶಾಫ್ಟು 5 ಮಿಲಿಮೀಟರಿನದು, 550ರದು 3.17 ಮಿಲಿಮೀಟರಿನದು. ಹಳೆಯ ಪಿನಿಯನ್ ಅದಕ್ಕೆ ಕೂರುವುದಿಲ್ಲ. ಕೂರುವಂತೆ ಮಾಡಿದರೂ ಆ ಬಲಕ್ಕೆ ಹಳೆಯ ಗೇರಿನ ಹಲ್ಲುಗಳು ಮುರಿಯುತ್ತವೆ. ಮೋಟಾರು ಮತ್ತು ಗೇರ್‌ಬಾಕ್ಸನ್ನು ಜೋಡಿಯಾಗಿಯೇ ತರುವುದು ಒಳ್ಳೆಯದು.

ಇನ್ನೊಂದು ಸೂಕ್ಷ್ಮವಿದೆ. ಜೀಪಿನ ಎಡಬಲ ಮೋಟಾರುಗಳು ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಕೂರುವುದರಿಂದ, ಜೀಪು ಮುಂದೆ ಹೋಗುವಾಗ ಒಂದು ಮೋಟಾರು ನೇರವಾಗಿಯೂ ಇನ್ನೊಂದು ತಿರುಗಾಮುರುಗಾ ದಿಕ್ಕಿನಲ್ಲಿಯೂ ತಿರುಗುತ್ತದೆ. ಡ್ರಿಲ್ ಮಷೀನಿನ ಕೆಲವು 550 ಮೋಟಾರುಗಳಲ್ಲಿ ಬ್ರಷ್‌ಗಳನ್ನು ಒಂದೇ ದಿಕ್ಕಿನ ಓಟಕ್ಕೆ ಅನುಕೂಲವಾಗುವಂತೆ ಸ್ವಲ್ಪ ಸರಿಸಿ ಕೂರಿಸಿರುತ್ತಾರೆ. ಅಂಥ ಮೋಟಾರು ವಿರುದ್ಧ ದಿಕ್ಕಿನಲ್ಲಿ ಹೆಚ್ಚು ಕರೆಂಟು ಎಳೆದು, ಹೆಚ್ಚು ಕಿಡಿ ಹಾರಿಸಿ, ಬೇಗ ಬಿಸಿಯಾಗುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಂಥ ಕಡೆ ಬಿಡಿ ಮೋಟಾರು ಕೊಂಡಾಗ, ಜೋಡಿಸುವ ಮೊದಲು ಮೇಜಿನ ಮೇಲೆ ಅದನ್ನು ಎರಡೂ ದಿಕ್ಕಿಗೆ ತಿರುಗಿಸಿ ಹೊರೆಯಿಲ್ಲದ ಕರೆಂಟನ್ನು ನೋಡಿಕೊಳ್ಳಿ. ಎರಡೂ ಸರಿಸುಮಾರು ಸಮವಾಗಿದ್ದರೆ ಮಾತ್ರ ಅದು ಜೀಪಿಗೆ ಯೋಗ್ಯ.

ನಿಧಾನವಾಗಿ ಓಡಿಸಿದರೆ ಮೋಟಾರು ತಣ್ಣಗಿರುತ್ತದೆ ಎಂಬುದು ಅರ್ಧ ಸತ್ಯ. ತಿರುಗುವ ವೇಗ ಕಡಿಮೆಯಾದಾಗ ಮೋಟಾರಿನ ಒಳಗಿನ ಪುಟ್ಟ ಫ್ಯಾನೂ ನಿಧಾನವಾಗುತ್ತದೆ, ಆದರೆ ಭಾರ ಎಳೆಯಲು ಬೇಕಾದ ಕರೆಂಟು ಕಡಿಮೆಯಾಗುವುದಿಲ್ಲ. ಅಮೆರಿಕದ ಡೆಲಾವೇರ್ ವಿಶ್ವವಿದ್ಯಾಲಯದಲ್ಲಿ ಕೋಲ್ ಗ್ಯಾಲೋವೇ ಅವರು ಆರಂಭಿಸಿದ ‘ಗೋ ಬೇಬಿ ಗೋ’ ಕಾರ್ಯಕ್ರಮವು, ನಡೆಯಲು ಕಷ್ಟಪಡುವ ಪುಟ್ಟ ಮಕ್ಕಳಿಗಾಗಿ ಇಂಥದೇ ಬ್ಯಾಟರಿ ಕಾರುಗಳಿಗೆ ಪಿವಿಸಿ ಪೈಪಿನ ಆಸರೆ ಮತ್ತು ದೊಡ್ಡ ಒತ್ತುಗುಂಡಿಯನ್ನು ಜೋಡಿಸಿಕೊಡುತ್ತದೆ. ಅದನ್ನು ನೋಡಿ ನಮ್ಮಲ್ಲಿಯೂ ಯಾರಾದರೂ ತಮ್ಮ ಮಗುವಿಗೆ ಹಾಗೆ ಮಾಡಿಕೊಡುವುದಾದರೆ, ಆಸರೆಯ ಚೌಕಟ್ಟಿನ ತೂಕವನ್ನೂ, ನಿಂತು ನಿಂತು ಹೊರಡುವ ಓಟವನ್ನೂ ಗಮನದಲ್ಲಿಟ್ಟುಕೊಂಡು ಮುಂದಿನ ಎರಡು ಹಂತಗಳನ್ನು ಬಿಡದೆ ಮಾಡಬೇಕು.

ನಾಲ್ಕನೆಯ ಹಂತ: ಗಾಳಿಗೆ ದಾರಿ ಮಾಡುವುದು

ಕಾರ್ಖಾನೆಯಿಂದ ಬರುವಾಗ ಮೋಟಾರಿನ ಮೇಲೆ ಒಂದು ಪ್ಲಾಸ್ಟಿಕ್ ಟೋಪಿ ಮುಚ್ಚಿರುತ್ತದೆ. ಮಣ್ಣು ಮತ್ತು ಪುಟ್ಟ ಬೆರಳುಗಳು ಒಳಗೆ ಹೋಗದಿರಲೆಂದು ಅದನ್ನು ಇಟ್ಟಿರುವುದರಿಂದ ಪೂರ್ತಿ ತೆಗೆದುಹಾಕಬಾರದು. ಟೋಪಿಯನ್ನು ಕಳಚಿ ಕೈಯಲ್ಲಿ ಹಿಡಿದು, ಮೋಟಾರಿನ ಮೈಯಲ್ಲಿರುವ ರಂಧ್ರಗಳಿಗೆ ನೇರವಾಗಿ ಬರುವ ಕಡೆ 5 ಮಿಲಿಮೀಟರಿನ ತೂತುಗಳನ್ನು ಕೊರೆಯಬೇಕು. ಬ್ರಷ್ ಇರುವ ತುದಿಯಲ್ಲಿ ಎಂಟು, ಗೇರಿನ ತುದಿಯಲ್ಲಿ ಎಂಟು ತೂತುಗಳಿದ್ದರೆ ಗಾಳಿ ಒಂದು ತುದಿಯಿಂದ ಒಳಗೆ ಹೋಗಿ ಇನ್ನೊಂದು ತುದಿಯಿಂದ ಹೊರಗೆ ಬರುತ್ತದೆ. ಒಂದೇ ತುದಿಯಲ್ಲಿ ಹದಿನಾರು ಕೊರೆದರೆ ಪ್ರಯೋಜನ ಕಡಿಮೆ. ತೂತುಗಳ ಒಳಭಾಗಕ್ಕೆ ಕಿಟಕಿಯ ಸೊಳ್ಳೆ ಜಾಲರಿಯ ತುಂಡನ್ನು ಅಂಟಿಸಿ. ಅದು ಫೈಬರಿನದಾಗಿರಲಿ, ಏಕೆಂದರೆ ಲೋಹದ ಜಾಲರಿಯ ಎಳೆ ಬಿಚ್ಚಿಕೊಂಡು ಟರ್ಮಿನಲ್ಲಿಗೆ ತಾಗಿದರೆ ಶಾರ್ಟ್ ಆಗುತ್ತದೆ.

ಮೋಟಾರಿನ ಉಕ್ಕಿನ ಡಬ್ಬಿಗೆ ಮಾತ್ರ ಎಂದಿಗೂ ಡ್ರಿಲ್ ಹಿಡಿಯಬೇಡಿ. ಕೊರೆದಾಗ ಉದುರುವ ಕಬ್ಬಿಣದ ಪುಡಿಯನ್ನು ಒಳಗಿನ ಆಯಸ್ಕಾಂತ ಎಳೆದುಕೊಳ್ಳುತ್ತದೆ, ಅದು ಆರ್ಮೇಚರಿನ ಸಂದಿನಲ್ಲಿ ಕುಳಿತು ವೈಂಡಿಂಗಿನ ಲೇಪನವನ್ನು ಕೆರೆದುಹಾಕುತ್ತದೆ.

ಐದನೆಯ ಹಂತ: ಹೀಟ್ ಸಿಂಕ್ ಮತ್ತು ಫ್ಯಾನ್

ರಿಮೋಟ್ ರೇಸಿಂಗ್ ಕಾರುಗಳಿಗೆಂದು 540 ಮತ್ತು 550 ಅಳತೆಯ ಮೋಟಾರುಗಳಿಗೆ ಅಪ್ಪಿಕೊಂಡು ಬಿಸಿಯನ್ನು ಗಾಳಿಗೆ ಬಿಡುವ ಅಲ್ಯೂಮಿನಿಯಂ ಹೀಟ್ ಸಿಂಕ್‌ಗಳು ಸಿಗುತ್ತವೆ. ಕೊಳ್ಳುವ ಮೊದಲು ಡಬ್ಬಿಯ ಹೊರ ವ್ಯಾಸವನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆಯಿರಿ. ಡಬ್ಬಿಯ ಸುತ್ತ ಇನ್ನೊಂದು ಉಕ್ಕಿನ ಬಳೆ ಇದ್ದರೆ ಅದರ ಮೇಲಿಂದ ಅಳೆಯಬೇಕು. ಆ ಬಳೆ ಆಯಸ್ಕಾಂತದ ಬಲವನ್ನು ಹಿಡಿದಿಡುವುದಕ್ಕಾಗಿ ಇರುವುದರಿಂದ ಅದನ್ನು ತೆಗೆಯಬಾರದು. ಲೇಬಲ್ ಕಿತ್ತು, ಅಂಟನ್ನು ಒರೆಸಿ, ಥರ್ಮಲ್ ಪೇಸ್ಟನ್ನು ತೆಳುವಾಗಿ ಸವರಿ, ಗಾಳಿಯ ರಂಧ್ರಗಳು ಮುಚ್ಚದಂತೆ ಸಿಂಕನ್ನು ಕೂರಿಸಬೇಕು. ಬಿಸಿ ಹುಟ್ಟುವುದು ಆರ್ಮೇಚರಿನಲ್ಲಿ ಆದ್ದರಿಂದ, ಸಿಂಕ್ ಒಂದರಿಂದಲೇ ಎಲ್ಲವೂ ಸರಿಹೋಗುತ್ತದೆ ಎಂದು ನಿರೀಕ್ಷಿಸಬಾರದು. ಅದು ಡಬ್ಬಿ ಮತ್ತು ಆಯಸ್ಕಾಂತಗಳನ್ನು ತಂಪಾಗಿಡುತ್ತದೆ, ಆರ್ಮೇಚರಿಗೆ ಬೇಕಾಗಿರುವುದು ಒಳಗೆ ಹಾಯುವ ಗಾಳಿ.

ಅದಕ್ಕಾಗಿ ಪ್ರತಿ ಮೋಟಾರಿಗೆ 40 ಮಿಲಿಮೀಟರಿನ, 12 ವೋಲ್ಟಿನ ಒಂದು ಬಾಲ್ ಬೇರಿಂಗ್ ಫ್ಯಾನ್ ಸಾಕು. ಅದನ್ನು ಟೋಪಿಯ ಬ್ರಷ್ ತುದಿಯ ಮೇಲೆ, ಗಾಳಿ ಒಳಮುಖವಾಗಿ ಬೀಸುವಂತೆ ಕೂರಿಸಿ, ಹೊರಗಡೆ ತಂತಿಯ ಗಾರ್ಡ್ ಹಾಕಿ. ಫ್ಯಾನಿನ ಚೌಕಟ್ಟಿನ ಬದಿಯಲ್ಲಿ ಗಾಳಿ ಹೋಗುವ ದಿಕ್ಕನ್ನು ತೋರಿಸುವ ಬಾಣದ ಗುರುತು ಸಾಮಾನ್ಯವಾಗಿ ಇರುತ್ತದೆ.

ಇಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ಫ್ಯಾನಿನ ತಂತಿಗಳನ್ನು ಮೋಟಾರಿನ ಟರ್ಮಿನಲ್ಲಿಗೇ ಸೇರಿಸುವುದು. ರಿವರ್ಸ್ ಹಾಕಿದಾಗ ಅಲ್ಲಿ ಪಾಸಿಟಿವ್ ನೆಗೆಟಿವ್ ಅದಲುಬದಲಾಗುತ್ತದೆ, ಫ್ಯಾನ್ ನಿಲ್ಲುತ್ತದೆ ಅಥವಾ ಕೆಡುತ್ತದೆ. ಅದೂ ಅಲ್ಲದೆ ಪೆಡಲ್ ಬಿಟ್ಟ ಕ್ಷಣವೇ ಫ್ಯಾನ್ ನಿಂತುಹೋಗುತ್ತದೆ, ಬಿಸಿ ಹೊರಗೆ ಬರುವ ಹೊತ್ತು ಮಾತ್ರ ಅದೇ. ಆದ್ದರಿಂದ ಮುಖ್ಯ ಸ್ವಿಚ್ಚಿನ ನಂತರ 1 ಆಂಪಿಯರ್ ಫ್ಯೂಸ್, ಆಮೇಲೆ ವೋಲ್ಟೇಜ್ ಇಳಿಸುವ ಎಲ್‌ಎಂ2596 ಐಸಿಯ ಬಕ್ ಕನ್ವರ್ಟರ್ ಮಾಡ್ಯೂಲ್, ಅದರಿಂದ ಫ್ಯಾನ್ ಎಂಬ ಕ್ರಮದಲ್ಲಿ ಜೋಡಿಸಬೇಕು. ಫ್ಯಾನ್ ಸೇರಿಸುವ ಮೊದಲೇ ಮಾಡ್ಯೂಲಿನ ಸಣ್ಣ ಹಿತ್ತಾಳೆ ಸ್ಕ್ರೂ ತಿರುಗಿಸುತ್ತಾ ಮಲ್ಟಿಮೀಟರಿನಲ್ಲಿ 12 ವೋಲ್ಟ್ ಬರುವಂತೆ ಹೊಂದಿಸಿಕೊಳ್ಳಿ. ಹೊಸ ಮಾಡ್ಯೂಲು ಕೈಗೆ ಬಂದಾಗ ಎಷ್ಟು ವೋಲ್ಟಿಗೆ ನಿಂತಿರುತ್ತದೆ ಎಂದು ನಂಬುವಂತಿಲ್ಲ. ಆಟ ಮುಗಿದ ಮೇಲೆ ಹತ್ತು ನಿಮಿಷ ಮುಖ್ಯ ಸ್ವಿಚ್ಚನ್ನು ಆನ್ ಇಟ್ಟು ಫ್ಯಾನ್ ತಿರುಗಲು ಬಿಡಿ.

ಆರನೆಯ ಹಂತ: ಎಚ್ಚರಿಕೆಯ ಗಂಟೆ

ಕೆಎಸ್‌ಡಿ301 ಎಂಬ ಗುಂಡನೆಯ ಥರ್ಮಲ್ ಸ್ವಿಚ್ಚು ಬೇರೆ ಬೇರೆ ಡಿಗ್ರಿಗಳಲ್ಲಿ ಸಿಗುತ್ತದೆ. ಬಿಸಿಯಾದಾಗ ಕೂಡುವ ಜಾತಿಯ 70 ಡಿಗ್ರಿಯ ಸ್ವಿಚ್ಚೊಂದನ್ನು ಪ್ರತಿ ಮೋಟಾರಿನ ಮೈಗೆ ಕ್ಲಿಪ್ಪಿನಿಂದ ಒತ್ತಿ ಕೂರಿಸಿ, ಅದರ ಮೂಲಕ 12 ವೋಲ್ಟಿನ ಬಜರನ್ನು ಸೇರಿಸಿದರೆ, ಮೋಟಾರು ಕಾದಾಗ ಜೀಪು ತಾನೇ ಕೂಗಿ ಹೇಳುತ್ತದೆ. ಬಿಸಿಯಾದಾಗ ಕಡಿಯುವ ಜಾತಿಯದನ್ನು ತಂದು ಮೋಟಾರಿನ ಮುಖ್ಯ ತಂತಿಯಲ್ಲಿಯೇ ಹಾಕಬೇಡಿ. ಅದರ 10 ಆಂಪಿಯರ್ ಸಾಮರ್ಥ್ಯ ಎಸಿ ಕರೆಂಟಿಗೆ ಹೇಳಿದ್ದು, ಡಿಸಿ ಕರೆಂಟಿನಲ್ಲಿ ಕಿಡಿ ಹಾರಿ ಅದರ ಕಾಂಟ್ಯಾಕ್ಟುಗಳು ಬೆಸೆದುಕೊಳ್ಳಬಹುದು. ಅಲ್ಲದೆ ಇಳಿಜಾರಿನಲ್ಲಿ ಮೋಟಾರಿನ ತಂತಿ ಇದ್ದಕ್ಕಿದ್ದಂತೆ ಕಡಿದರೆ, ಪೆಡಲ್ ಬಿಟ್ಟಾಗ ಮೋಟಾರೇ ಬ್ರೇಕಾಗಿ ಕೆಲಸ ಮಾಡುವ ವ್ಯವಸ್ಥೆ ಇಲ್ಲದಂತಾಗಿ ಜೀಪು ಮಗುವನ್ನು ಹೊತ್ತುಕೊಂಡು ಹಿಂದಕ್ಕೆ ಉರುಳುತ್ತದೆ. ಮಗುವಿನ ಜೊತೆ ಹೇಗೂ ದೊಡ್ಡವರೊಬ್ಬರು ಇರಲೇಬೇಕಾದ್ದರಿಂದ ನಾನು ಬಜರಿಗೇ ನಿಂತಿದ್ದೇನೆ.

ಬಳಕೆ ಮತ್ತು ನಿರ್ವಹಣೆ

ಹೊರಗಿನ ಗಾಳಿ ಎಷ್ಟು ಡಿಗ್ರಿ ಹೆಚ್ಚಿದೆಯೋ ಮೋಟಾರೂ ಸರಿಸುಮಾರು ಅಷ್ಟೇ ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ. ಬೆಂಗಳೂರಿನ 24 ಡಿಗ್ರಿಯ ಸಂಜೆಯಲ್ಲಿ 56 ತೋರಿಸಿದ ಜೀಪು, 40 ದಾಟುವ ಕಲಬುರಗಿಯ ಬೇಸಿಗೆಯಲ್ಲಿ ಅದೇ ಓಟಕ್ಕೆ 70ರ ಗೆರೆಯನ್ನು ದಾಟಬಹುದು. ಅಲ್ಲಿ ಓಟದ ಹೊತ್ತನ್ನು ಅರ್ಧಕ್ಕೆ ಇಳಿಸಬೇಕು, ಜೀಪನ್ನು ನೆರಳಿನಲ್ಲಿ ನಿಲ್ಲಿಸಬೇಕು. ನಮ್ಮಲ್ಲಿ ಸಿಮೆಂಟ್ ನೆಲದ ಮೇಲೆ ಇಪ್ಪತ್ತು ನಿಮಿಷ, ಹುಲ್ಲಿನ ಮೇಲೆ ಹತ್ತು ನಿಮಿಷ, ನಡುವೆ ಹದಿನೈದು ನಿಮಿಷ ಬಿಡುವು ಎಂಬ ಲೆಕ್ಕವನ್ನು ಇಟ್ಟುಕೊಂಡಿದ್ದೇವೆ. ಬಿಡುವಿನ ಹೊತ್ತಿನಲ್ಲಿ ಮಗಳೇ ಥರ್ಮಾಮೀಟರ್ ಹಿಡಿದು ಕಪ್ಪು ಟೇಪಿಗೆ ಗುರಿಯಿಟ್ಟು ಅಂಕಿ ಓದುತ್ತಾಳೆ.

ಮುಂದಕ್ಕೆ ಓಡುತ್ತಿರುವಾಗಲೇ ರಿವರ್ಸ್ ಹಾಕುವುದನ್ನು ಮಕ್ಕಳಿಗೆ ಬಿಡಿಸಬೇಕು. ಆ ಕ್ಷಣದ ಕರೆಂಟು, ಮೋಟಾರು ನಿಂತಾಗಿನ ಕರೆಂಟಿಗಿಂತಲೂ ಹೆಚ್ಚಿರುತ್ತದೆ. ತಿಂಗಳಿಗೊಮ್ಮೆ ಬ್ಯಾಟರಿ ಕಳಚಿಟ್ಟು ಜಾಲರಿಯ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ಮೋಟಾರಿನ ಕಾರ್ಬನ್ ಬ್ರಷ್ ತುದಿಯಲ್ಲಿ ಕೂತ ಕಪ್ಪು ಪುಡಿಯನ್ನು ಬ್ಲೋವರಿನಿಂದ ಊದಿಸಿ. ಮೋಟಾರಿನ ಒಳಗೆ ಎಣ್ಣೆಯನ್ನಾಗಲೀ ಸ್ಪ್ರೇಯನ್ನಾಗಲೀ ಹಾಕಬೇಡಿ, ಅದು ಕಾರ್ಬನ್ ಪುಡಿಯ ಜೊತೆ ಸೇರಿ ಬ್ರಷ್‌ಗಳು ಉಜ್ಜುವ ತಾಮ್ರದ ಕಮ್ಯುಟೇಟರಿನ ಸಂದುಗಳಲ್ಲಿ ಅಂಟಾಗಿ ಕೂರುತ್ತದೆ. ಮಳೆಯಲ್ಲಿ ನೆನೆದ ದಿನ ಟೋಪಿ ತೆಗೆದು ಒಂದು ರಾತ್ರಿ ಒಣಗಲು ಬಿಟ್ಟು, ಮರುದಿನ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಿದ ಮೇಲೆಯೇ ಬ್ಯಾಟರಿ ಜೋಡಿಸಿ.